ಮುಚ್ಚದ ಸಿಡಿ

ಆಗಸ್ಟ್ 4, ಸೋಮವಾರ

ಇಷ್ಟು ದಿನ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ನಾನು ಶಾಲೆ ಬಿಟ್ಟದ್ದು ಲೆಕ್ಕ ತಲೆಗೆ ಹತ್ತದೆ ಅಲ್ಲ, ಟೀಚರ್ ಬೈದರೆಂದೂ ಅಲ್ಲ. ಅಮ್ಮ ಅಡುಗೆ ಮಾಡುವ ಸುರಂಗದ ಕ್ಯಾಂಪಿನಿಂದ ಲಾರಿ ಬರುವುದು ತಿಂಗಳಿಗೊಂದು ಸೋಮವಾರ ಮಧ್ಯಾಹ್ನ. ಆ ಹೊತ್ತಿಗೆ ನಾನು ತರಗತಿಯಲ್ಲಿರುತ್ತಿದ್ದೆ. ಡ್ರೈವರ್ ಮಾವ ಅಮ್ಮನ ಮಾತು ತುಂಬಿದ ಸಿಡಿಯನ್ನು ಅಪ್ಪನ ಹೊಲಿಗೆ ಮಿಷನ್ನಿನ ಮೇಲಿಟ್ಟು ಹೊರಟುಬಿಡುತ್ತಿದ್ದರು. ಕೊಡುವಾಗ ಅಮ್ಮ ಹೇಗಿದ್ದಳು, ಬಡವಾಗಿದ್ದಾಳೆಯೇ, ನಗುತ್ತಿದ್ದಳೇ ಎಂದೆಲ್ಲ ಕೇಳಲು ನಾನಿರುತ್ತಿರಲಿಲ್ಲ. ಅಪ್ಪ ಅಂಥದ್ದನ್ನೆಲ್ಲ ಕೇಳುವವರಲ್ಲ. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯಲು ನನಗೆ ಬಾಯಿ ಬರಲಿಲ್ಲ. ಆದ್ದರಿಂದ ಹೋಗುವುದನ್ನೇ ನಿಲ್ಲಿಸಿದೆ. ಯಾಕೆ ಎಂದವರಿಗೆಲ್ಲ "ಇಷ್ಟ ಇಲ್ಲ" ಎಂದೆ. ಅದೂ ನಿಜವೇ ಆಗಿದ್ದರಿಂದ ಸಾಗಿತು.

ಇವತ್ತು ಲಾರಿ ಬಂತು. ಸಿಡಿಯೂ ಬಂತು. ಕೇಳಲು ಮಾತ್ರ ಆಗಲಿಲ್ಲ.

ಕಂಪ್ಯೂಟರಿನಲ್ಲಿ ಸಿಡಿ ಓದುವ, ಬರೆಯುವ ರೈಟರ್ ಅದನ್ನು ಒಳಗೆಳೆದುಕೊಂಡು ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಆಮೇಲೆ ಉಸಿರೇ ಇಲ್ಲ. ತಂತಿಯ ತುದಿಯನ್ನು ರೈಟರಿನ ಮುಂಭಾಗದ ಸಣ್ಣ ತೂತಿಗೆ ಚುಚ್ಚಿ ಸಿಡಿಯನ್ನು ಹೊರತೆಗೆದೆ. ಸದ್ಯ, ಒಂದು ಗೀರೂ ಬಿದ್ದಿಲ್ಲ.

ಡ್ರೈವರ್ ಮಾವ ಹೋಗುವಾಗ ಹೇಳಿದ್ದು: "ಸುರಂಗ ಆಚೆ ಬದಿಗೆ ತಲುಪ್ತು ಕಣಮ್ಮ. ಕ್ಯಾಂಪ್ ಎತ್ತುತ್ತಾರೆ. ಅದಕ್ಕೇ ಈ ಸಲ ತಿಂಗಳು ಕಾಯಲ್ಲ, ಹದಿನೆಂಟಕ್ಕೇ ಬಂದು ಮಾರನೇ ದಿನ ಹೊರಡ್ತೀನಿ. ನಿಮ್ಮಮ್ಮ ಇದರಲ್ಲಿ ಏನೋ ಕೇಳಿದ್ದಾರಂತೆ. ಉತ್ತರ ಇಲ್ದೆ ಬರಿಗೈಲಿ ಬರಬೇಡ ಅಂದಿದ್ದಾರೆ."

"ಏನು ಕೇಳಿದ್ದಾರೆ?"

"ಮನೆ ಮಾತು. ನಾನ್ಯಾಕೆ ಕೇಳಲಿ?"

ಸುರಂಗ ಮುಗಿದರೆ ಅಡುಗೆಯವಳಿಗೇನು ಕೆಲಸ? ಅಮ್ಮ ಬರುತ್ತಾಳೆ. ಅಜ್ಜಿ ಆಗಲೇ ಅಮ್ಮನ ಹಾಸಿಗೆ ಬಿಸಿಲಿಗೆ ಹಾಕಿಸಿದಳು.

ಆಗಸ್ಟ್ 5, ಮಂಗಳವಾರ

ನಮ್ಮದು ಒಂದೇ ಸಿಡಿ. ಅಮ್ಮ ಬೆಟ್ಟದ ಆಚೆಯ ಕ್ಯಾಂಪಿಗೆ ಹೋಗಿ ಎರಡು ವರ್ಷವಾಗುತ್ತ ಬಂತು. ಅಲ್ಲಿ ಫೋನ್ ಹಿಡಿಯುವುದಿಲ್ಲ. ಬರೆಯುವುದೆಂದರೆ ಅಮ್ಮನಿಗೆ ಬೇಸರ. ಸ್ಟೋರಿನವರ ಕಂಪ್ಯೂಟರಿನ ಮುಂದೆ ಕೂತು ಮಾತಾಡುತ್ತಾಳೆ, ಅವರು ಅದನ್ನು ಸಿಡಿಗೆ ಹಾಕಿ ಕೊಡುತ್ತಾರೆ. ನಾವು ಕೇಳಿ, ಅದರ ಹಿಂದೆಯೇ ನಮ್ಮ ಮಾತು ಸೇರಿಸಿ ಕಳಿಸುತ್ತೇವೆ. ಪ್ರತಿ ಸಲವೂ ಕಂಪ್ಯೂಟರ್ ಕೇಳುತ್ತದೆ, ಸಿಡಿಯನ್ನು ಮುಚ್ಚಲೇ ಎಂದು. ಮುಚ್ಚಿದರೆ ಮತ್ತೆ ಅದರಲ್ಲಿ ಬರೆಯಲಾಗದು. ಬೇಡ ಎಂದು ಒತ್ತುತ್ತೇವೆ. ಹೊಸ ಸಿಡಿಗೇನೂ ಬರವಿಲ್ಲ. ಆದರೆ ಅಮ್ಮ ಮೊದಲ ಸಲವೇ, "ಜಾಗ ಇದೆಯಲ್ಲ, ಇದರಲ್ಲೇ ಇರಲಿ, ಎಲ್ಲರೂ ಒಟ್ಟಿಗೆ ಇದ್ದ ಹಾಗಿರುತ್ತೆ" ಎಂದಿದ್ದಳು.

ಪಕ್ಕದ ಮನೆಯ ಅತ್ತೆಯ ಟಿವಿಗೆ ಪ್ಲೇಯರ್ ಇದೆ. ಸಿಡಿಯನ್ನು ಅಲ್ಲಿ ಹಾಕಿ ನೋಡಿದೆ. ಮಾತು ಬಂತು! ಅಪ್ಪನನ್ನು ಕರೆಯಲು ಬಾಗಿಲ ತನಕ ಓಡಿದವಳು ಅಲ್ಲೇ ನಿಂತೆ.

"ತಲುಪಿದೆ. ಇಲ್ಲಿ ಚಳಿ. ಒಲೆ ದೊಡ್ಡದಿದೆ, ನನಗಿಂತ ಎತ್ತರ. ಅಳಬೇಡ ಕಂದಾ, ಆರೇ ತಿಂಗಳು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದ್ಬಿಡ್ತೀನಿ."

ಅದು ಮೊಟ್ಟಮೊದಲ ಮಾತು. ಮುಚ್ಚದ ಸಿಡಿಯಲ್ಲಿ ಆ ಪ್ಲೇಯರಿಗೆ ಕಾಣುವುದು ಮೊದಲು ಬರೆದದ್ದಷ್ಟೇ. ಆಮೇಲಿನದೆಲ್ಲ ಅದರ ಪಾಲಿಗೆ ಇಲ್ಲವೇ ಇಲ್ಲ. ಪಕ್ಕದ ಮನೆಯ ಅತ್ತೆ, "ಎಷ್ಟು ಚೆನ್ನಾಗಿ ಕೇಳ್ತಿದೆ, ಮತ್ತೇನು ತೊಂದರೆ?" ಎಂದರು. ಇನ್ನೊಂದು ಸಲ ಹಾಕಿಸಿದೆ. ಆಗ ಅಮ್ಮನ ದನಿ ತೀರ ಸಣ್ಣಗಿತ್ತು, ಯಾರದೋ ಮನೆಯಲ್ಲಿ ಕೂತು ಮೆಲ್ಲಗೆ ಮಾತಾಡಿದ ಹಾಗೆ. ನಾನು ಮರೆತೇಬಿಟ್ಟಿದ್ದೆ.

ಆಗಸ್ಟ್ 7

ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರನ್ನು ಬೀದಿಯೆಲ್ಲ ಗೊಣಗಪ್ಪ ಎನ್ನುತ್ತದೆ. ಎದುರಿಗೂ ಹಾಗೇ ಕರೆಯುತ್ತಾರೆ, ಅವರು ಓಗೊಡುತ್ತಾರೆ. ನಮ್ಮ ರೈಟರನ್ನು ಬಿಚ್ಚಿ ನೋಡಿ, "ಕಣ್ಣು ಹೋಗಿದೆ" ಎಂದರು. ಒಳಗಿನ ಬೆಳಕಿನ ಗಾಜನ್ನು ಅವರು ಹಾಗನ್ನುತ್ತಾರೆ. "ಕನ್ನಡಕ ಹಾಕಿದ್ರೂ ಬರಲ್ಲ. ಹೊಸದು ತಗೋ."

ಮೂರು ಬಗೆ ತೋರಿಸಿದರು. ಒಂದು, ಹೊರಗಿನಿಂದ ಚುಚ್ಚುವುದು, ಪುಸ್ತಕದಷ್ಟು ತೆಳ್ಳಗೆ. ಅದನ್ನು ನಡೆಸಲು ನಮ್ಮ ಕಂಪ್ಯೂಟರಿಗೆ ವಯಸ್ಸಾಗಿದೆ. ಅಪ್ಪ ಸಮವಸ್ತ್ರ ಹೊಲಿದುಕೊಟ್ಟ ಕಚೇರಿಯವರು ಕೂಲಿಯ ಬದಲು ಕೊಟ್ಟ ಹಳೆಯ ಕಂಪ್ಯೂಟರ್ ಅದು. ಇನ್ನೊಂದು, ಪೆಟ್ಟಿಗೆ ಸಹಿತ ಹೊಚ್ಚ ಹೊಸದು, ಕಪ್ಪಗೆ ಮಿರಿಮಿರಿ ಮಿಂಚುವುದು. ಮೂರನೆಯದು, ಯಾರ್ಯಾರದೋ ಕಂಪ್ಯೂಟರಿಂದ ಕಿತ್ತವು. ಮೂಲೆಯಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿದ್ದಾರೆ.

"ಹೊಸದನ್ನೇ ತಗೋ. ಇದರಷ್ಟು ಬೇಗ ಬರೆಯೋದು ಬೇರೆ ಇಲ್ಲ."

"ನನಗೆ ಬೇಗ ಬೇಡ. ಬೇರೆ ಕಡೆ ಬರೆದದ್ದನ್ನ ಓದಬೇಕು. ಮುಚ್ಚದ ಸಿಡಿ."

"ಹೊಸದು ಓದದೆ ಹಳೇದು ಓದುತ್ತಾ? ಏನಮ್ಮಾ ನೀನು."

ಅವರ ಮಾತಿಗೆ ತಲೆಯಾಡಿಸಿ, ದುಡ್ಡು ಕೊಟ್ಟು ಹೊಸದನ್ನೇ ತೆಗೆದುಕೊಂಡೆ. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಆಗಸ್ಟ್ 8

ಹೊಸ ರೈಟರಿನ ಹಿಂಬದಿಯಲ್ಲಿ ಕೇಬಲ್ ಚುಚ್ಚುವ ಬಾಯಿ ಬೆರಳಗಲ. ನಮ್ಮ ಕಂಪ್ಯೂಟರಿನೊಳಗಿನ ಕೇಬಲ್ಲು ಹಳೆಯ ಕಾಲದ್ದು, ನಾಲ್ಕು ಬೆರಳಗಲದ ಪಟ್ಟಿ. ಸೇರುವುದಾದರೂ ಹೇಗೆ? ಪೆಟ್ಟಿಗೆಯ ಸೀಲ್ ಒಡೆದು, ತಿರುಪೂ ಬಿಗಿದ ಮೇಲೆ ಇದು ಕಣ್ಣಿಗೆ ಬಿತ್ತು. ಅವಸರಕ್ಕೆ ಹುಟ್ಟಿದವಳು ಎಂದು ಅಜ್ಜಿ ಸುಮ್ಮನೆ ಹೇಳುವುದಿಲ್ಲ.

ವಾಪಸ್ ತೆಗೆದುಕೊಂಡು ಹೋದೆ. ಗೊಣಗಪ್ಪ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ಕಂಪನಿಯವನು ಬರ್ತಾನೆ. ಪೆಟ್ಟಿಗೆ ಬಂದಾಗಲೇ ಒಡೆದಿತ್ತು, ಒಳಗೆ ಕೆಟ್ಟಿತ್ತು ಅನ್ನು. ಬದಲಿ ಕೊಡ್ತಾನೆ, ನಿನ್ನ ದುಡ್ಡು ನಿನಗೆ."

"ನಾನೇ ಒಡೆದಿದ್ದು. ಕೆಟ್ಟಿಲ್ಲ, ಚೆನ್ನಾಗಿದೆ."

"ನನಗೆ ಗೊತ್ತಮ್ಮಾ. ಅವನಿಗೆ ಗೊತ್ತಾಗಬೇಕಾ?"

"ಅವನು ಕೇಳಿದ್ರೆ ನಾನು ಇದನ್ನೇ ಹೇಳೋದು."

ಅವರು ನನ್ನ ಮುಖವನ್ನೇ ನೋಡಿದರು. "ನಿನ್ನಂಥೋರು ಇಬ್ಬರಿದ್ರೆ ನಾನು ಅಂಗಡಿ ಮುಚ್ಚಬೇಕು," ಎಂದು ಗೊಣಗಿ, ಮೂಲೆಯ ರಾಶಿ ತೋರಿಸಿದರು. "ಅದರಲ್ಲಿ ಯಾವುದು ಓದುತ್ತೋ ಅದನ್ನ ಹುಡುಕ್ಕೊಂಡು ಹೋಗು. ಇದು ಇಲ್ಲೇ ಇರಲಿ, ಯಾರಿಗಾದ್ರೂ ಮಾರ್ತೀನಿ. ಸೀಲ್ ಒಡೆದಿದೆ ಅಂತ ಹೇಳೇ ಮಾರ್ತೀನಿ, ಆಯ್ತಾ?"

ಅಪ್ಪನಿಗೂ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅಪ್ಪ ಸೂಜಿಗೆ ದಾರ ಪೋಣಿಸುತ್ತ, "ಅಳತೆ ತೆಗೀದೆ ಬಟ್ಟೆ ಕತ್ತರಿಸ್ತಾರೇನೆ?" ಎಂದರು, ಅಷ್ಟೇ.

ಆಗಸ್ಟ್ 11, ಸೋಮವಾರ

ನಿನ್ನೆಯ ಭಾನುವಾರ ಬಿಟ್ಟರೆ ಮೂರು ದಿನದಿಂದ ಅಂಗಡಿಯಲ್ಲೇ ಇದ್ದೇನೆ. ಬೆಂಚಿನ ಮೇಲಿನ ಹಳೆಯ ಕಂಪ್ಯೂಟರಿಗೆ ಒಂದೊಂದೇ ರೈಟರ್ ಕಟ್ಟುವುದು, ಅಮ್ಮನ ಸಿಡಿ ಹಾಕುವುದು, ಕಾಯುವುದು, ಬಿಚ್ಚುವುದು. ಕೆಲವಕ್ಕೆ ಸಿಡಿ ಖಾಲಿ ಕಾಣುತ್ತದೆ. ಕೆಲವು ಮೊದಲನೆಯದನ್ನು ಮಾತ್ರ ತೋರಿಸುತ್ತವೆ, ಮತ್ತೆ ಆರು ತಿಂಗಳು, ಮತ್ತೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ. ಒಂದು ನಡು ಹಾದಿಯಲ್ಲಿ ನಿಂತಿತು. ಹೋದ ಚಳಿಗಾಲದ ತನಕ ಬಂದು ಮುಂದೆ ಹೋಗಲಿಲ್ಲ. ಅದರಲ್ಲಿ ಅಮ್ಮ, "ಸ್ಟೋರಿನವರ ಹತ್ರ ಲೆಕ್ಕ ಇಡೋದು ಕಲಿತೆ" ಎಂದಿದ್ದಳು. ಆಗ ಕೇಳಿದ್ದೆನೇ? ಕೇಳಿರಲೇಬೇಕು. ಆಗ ನಾನು ಪ್ರತಿ ಸಲವೂ ಹುಡುಕುತ್ತಿದ್ದುದು "ಯಾವಾಗ ಬರ್ತೀನಿ" ಎನ್ನುವ ಒಂದೇ ಮಾತನ್ನು. ಉಳಿದದ್ದು ಕಿವಿ ಪಕ್ಕದಲ್ಲೇ ಹಾದುಹೋಗಿದೆ.

ನನ್ನ ಕೆಲಸದ ನಡುವೆ ಇಬ್ಬರು ಗಿರಾಕಿಗಳು ಬಂದರು. ಒಬ್ಬರ ಕೀಬೋರ್ಡಿನಲ್ಲಿ ಟೀ ಚೆಲ್ಲಿತ್ತು, ಒಣಗಿಸಿಕೊಟ್ಟೆ. "ನಾಳೆಯಿಂದ ಇಲ್ಲೇ ಬಂದು ಕೂತ್ಕೋ, ಸಂಬಳ ಕೊಡ್ತೀನಿ" ಎಂದರು ಗೊಣಗಪ್ಪ. ನಾನು ನಕ್ಕೆ. ಸೋಮವಾರ ಮಧ್ಯಾಹ್ನ ಬರಲಾಗದು ಎನ್ನಬೇಕೆಂದುಕೊಂಡೆ, ಆಮೇಲೆ ನೋಡಿದರೆ ಇವತ್ತೇ ಸೋಮವಾರ.

ಸಂಜೆಯ ಹೊತ್ತಿಗೆ, ರಾಶಿಯ ತಳದ ಒಂದು. ಮೂಲತಃ ಬೆಳ್ಳಗಿದ್ದದ್ದು ಈಗ ಹಲ್ಲಿನ ಹಳದಿ. ಮುಂಭಾಗದ ಗುಂಡಿಯೇ ಇಲ್ಲ, ಪೆನ್ಸಿಲ್ ತುದಿಯಿಂದ ಒತ್ತಬೇಕು. ಅದು ಸಿಡಿಯನ್ನು ಬಹಳ ಹೊತ್ತು ಮೆಲುಕು ಹಾಕಿತು. ಆಮೇಲೆ ಪರದೆ ಮೇಲೆ ಒಂದಾದ ಮೇಲೊಂದು, ಮೇಲಿಂದ ಕೆಳಗೆ, ಎಲ್ಲವೂ. ಕಟ್ಟಕಡೆಗೆ ಈ ತಿಂಗಳದ್ದು.

"ಹಾಕು, ಹಾಕು, ಕೇಳೋಣ!" ಗೊಣಗಪ್ಪನಿಗೆ ನನಗಿಂತ ಆತುರ.

"ಇಲ್ಲಿ ಬೇಡ. ಅಪ್ಪ, ಅಜ್ಜಿ ಇಲ್ದೆ ಕೇಳಲ್ಲ."

"ಅಲ್ಲಮ್ಮಾ, ಮೂರು ದಿನ ನನ್ನ ಬೆಂಚು ಸವೆಸಿದ್ದೀಯ."

"ಅದಕ್ಕೆ ಥ್ಯಾಂಕ್ಸ್."

ಇಷ್ಟೆಲ್ಲ ಆಗಿ, ಅದೇ ರಾಶಿಯ ಮುದಿ ರೈಟರನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ. ಕರೆಂಟ್ ಇರಲಿಲ್ಲ.

ಆಗಸ್ಟ್ 12

ಬೆಳಿಗ್ಗೆಯೇ ಕೇಳಿದೆವು. ಅಪ್ಪ ಮಿಷನ್ ನಿಲ್ಲಿಸಿ ಬಂದು ಕೂತರು. ಅಜ್ಜಿ ಎಂದಿನಂತೆ ಕಂಪ್ಯೂಟರಿಗೆ ಮುಖ ಕೊಟ್ಟು, ತಲೆ ಸರಿಮಾಡಿಕೊಂಡು ಕೂತಳು, ಸೊಸೆ ಒಳಗಿಂದ ನೋಡುತ್ತಾಳೆ ಎನ್ನುವ ಹಾಗೆ.

ನೆನಪಿದ್ದಷ್ಟನ್ನು ಬರೆಯುತ್ತೇನೆ.

"ನಾನೇ. ಎಲ್ಲರದೂ ಊಟ ಆಯ್ತಾ? ಅತ್ತೇ, ಮಂಡಿ ಹೇಗಿದೆ? ರೀ, ಕನ್ನಡಕ ಬದಲಾಯಿಸಿದ್ರಾ, ಇಲ್ಲ ತಾನೇ? ಮೊನ್ನೆ ಕೊನೇ ಬಂಡೆ ಒಡೆದ್ರು. ನನ್ನನ್ನೂ ಕರ್ಕೊಂಡು ಹೋದ್ರು, ನೀನೂ ನೋಡಬೇಕು ಬಾ ಅಂತ. ನಾನು ಸೌಟು ಹಿಡ್ಕೊಂಡೇ ಹೋಗಿದ್ದೀನಿ! ತೂತು ಬಿದ್ದಿದ್ದೇ ತಡ, ಆಚೆ ಕಡೆ ಗಾಳಿ ಈಚೆಗೆ ಬಂತು. ಎಲ್ಲರೂ ಹೋ ಅಂತ ಕೂಗಿದ್ರು. ನಾನೂ ಕೂಗಿದೆ ಕಣೇ. ಗಂಟಲು ಕಟ್ಟಿಕೊಂಡಿದೆ, ಅದಕ್ಕೇ ದನಿ ಹೀಗೆ."

ಇಲ್ಲಿ ಅಮ್ಮ ನಕ್ಕಳು. ಹೊಟ್ಟೆಯಿಂದ ಬಂದ ನಗು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು.

"ಈಗ ಇನ್ನೂ ಆಚೆ ಇನ್ನೊಂದು ಬೆಟ್ಟ ಅಂತೆ. ಮೂರು ವರ್ಷದ ಕೆಲಸ. ಅಡುಗೆಮನೆ ಪೂರ್ತಿ ನಿನ್ನ ಕೈಗೇ ಕೊಡ್ತೀವಿ ಅಂದಿದ್ದಾರೆ. ನಾನಿನ್ನೂ ಹೂಂ ಅಂದಿಲ್ಲ. ನೀವು ಬಾ ಅಂದ್ರೆ ಈ ಲಾರಿಯಲ್ಲೇ ಬಂದ್ಬಿಡ್ತೀನಿ. ಹೋಗು ಅಂದ್ರೆ ಹೋಗ್ತೀನಿ. ಎರಡರಲ್ಲಿ ಒಂದು ಹೇಳಿ. ದಯವಿಟ್ಟು ನಿನ್ನಿಷ್ಟ ಅಂತ ಮಾತ್ರ ಅನ್ನಬೇಡಿ ರೀ."

ಮುಗಿಯಿತು. ಅಪ್ಪ ಎದ್ದುಹೋಗಿ ಮಿಷನ್ ತುಳಿಯತೊಡಗಿದರು. ಅದರಲ್ಲಿ ಬಟ್ಟೆಯೇ ಇರಲಿಲ್ಲ.

ಆಗಸ್ಟ್ 14

ಯಾರೂ ಆ ಮಾತು ಎತ್ತುವುದಿಲ್ಲ. ಬಿಸಿಲಿಗೆ ಹಾಕಿದ್ದ ಅಮ್ಮನ ಹಾಸಿಗೆಯನ್ನು ಒಳಗೆ ತಂದದ್ದು ಯಾರೋ ತಿಳಿಯದು.

ಆಗಸ್ಟ್ 16, ಶನಿವಾರ

ಇವತ್ತು ನಮ್ಮ ಮಾತು ಸೇರಿಸಿದೆವು.

ಮೊದಲು ಅಜ್ಜಿ. "ಏನಮ್ಮಾ, ಅಲ್ಲಿ ಯಜಮಾನಿ ಆದ್ಯಂತೆ. ಇಲ್ಲಿ ಅಡುಗೆಮನೆಗೆ ನಾನು ಯಜಮಾನಿ, ಜಾಗ ಖಾಲಿ ಇಲ್ಲ. ನಿನ್ನ ಮಗಳು ಕಾಲಿಗೆ ಚಕ್ರ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗ್ತಾಳೆ. ನಿನ್ನ ಗಂಡ ಬಾಯಿಗೇ ಹೊಲಿಗೆ ಹಾಕ್ಕೊಂಡಿದ್ದಾನೆ. ನನಗೇನು, ನಾನು ಗಟ್ಟಿಯಾಗಿದ್ದೀನಿ. ಬಾ ಅನ್ನೋಕೆ ನಾನ್ಯಾರು, ಹೋಗು ಅನ್ನೋಕೆ ನಾನ್ಯಾರು..." ಇಲ್ಲಿಗೆ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆರಿಸೇ ಅದನ್ನ! ಮುಖ ನೋಡ್ತಾ ನಿಂತಿದ್ದೀಯ" ಎಂದದ್ದೂ ಅದರಲ್ಲೇ ಸೇರಿತು.

ಅಪ್ಪ ಮೈಕಿನ ಹತ್ತಿರ ಬಾಗಿ, "ಕನ್ನಡಕ ಬದಲಾಯಿಸಿಲ್ಲ," ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನಿನ್ನಿಷ್ಟ."

"ಅಪ್ಪಾ! ಅದೊಂದು ಬೇಡ ಅಂದಿದ್ದಾಳೆ ಅಮ್ಮ."

"ಮತ್ತೇನು ಹೇಳಲಿ? ಬಾ ಅಂದ್ರೆ ಜೀವನ ಪೂರ್ತಿ ನಾನೇ ತಡೆದ ಹಾಗೆ. ಹೋಗು ಅಂದ್ರೆ ನಾನೇ ಕಳಿಸಿದ ಹಾಗೆ."

ನನ್ನ ಸರದಿ. ನಾನು ಯೋಚಿಸಲಿಲ್ಲ. "ಬಾ ಅಮ್ಮಾ" ಎಂದೆ. ಅಷ್ಟೇ. ಅಷ್ಟೇ ಸಾಕೆನಿಸಿತು.

ರೈಟರ್ ಜೊತೆಗೆ ಗೊಣಗಪ್ಪ ಬೇರೊಂದು ಪ್ರೋಗ್ರಾಮ್ ಹಾಕಿಕೊಟ್ಟಿದ್ದರು, ಹಳೆಯದು ಈ ರೈಟರಿಗೆ ಒಗ್ಗದು ಎಂದು. ಒತ್ತಿದೆ. ಬರೆಯಿತು. ಕೊನೆಗೆ ಮುಚ್ಚಲೇ ಎಂದು ಕೇಳುತ್ತದೆ, ಬೇಡ ಎನ್ನೋಣ ಎಂದು ಬೆರಳು ಇಟ್ಟುಕೊಂಡೇ ಕೂತಿದ್ದೆ. ಅದು ಕೇಳಲೇ ಇಲ್ಲ. ತಾನಾಗಿಯೇ ಮುಚ್ಚಿ, ಸಿಡಿಯನ್ನು ಹೊರಗೆ ತಳ್ಳಿ, ಕೆಲಸ ಮುಗಿಯಿತು ಎಂದು ತೋರಿಸಿತು.

ಇನ್ನು ಅದರಲ್ಲಿ ಯಾರೂ ಏನೂ ಸೇರಿಸಲಾಗದು. ಕೊನೆಯ ಮಾತು ನನ್ನ "ಬಾ."

ಅಜ್ಜಿಗೆ ಹೇಳಿದಾಗ, "ಹಾಳಾದ್ದು, ಕೇಳೋ ಸೌಜನ್ಯನೂ ಇಲ್ವಾ ಅದಕ್ಕೆ?" ಎಂದಳು. ನಾನು ಅತ್ತೆ. ನಾಚಿಕೆಯಾಗುವಷ್ಟು ಅತ್ತೆ.

ಆಗಸ್ಟ್ 17, ಭಾನುವಾರ

ಭಾನುವಾರ ಗೊಣಗಪ್ಪ ಅಂಗಡಿ ತೆರೆಯುವುದಿಲ್ಲ, ಅವರ ಮನೆಗೇ ಹೋಗಿ ಕೇಳಿದೆ. "ಅದಕ್ಯಾಕೆ ಅಳ್ತೀಯ? ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸ್ಕೋ, ಬೇಡದ್ದು ತೆಗಿ, ಹೊಸ ಸಿಡಿಗೆ ಹಾಕು" ಎಂದರು. ಅಷ್ಟೇ ಸುಲಭ. ಇದು ನನಗೂ ಗೊತ್ತಿತ್ತು. ನಿನ್ನೆ ಹೊಳೆಯಲಿಲ್ಲ, ಅಷ್ಟೇ.

ಇಳಿಸಿಕೊಂಡೆ. ನನ್ನ ಮಾತು ಬದಲಾಯಿಸಬಹುದಲ್ಲ ಎಂದು, ಅದಕ್ಕೆ ಮುಂಚೆ ಒಮ್ಮೆ ಕೇಳೋಣವೆಂದು ಮೊದಲಿನಿಂದ ಹಾಕಿದೆ. ಬೆಳಿಗ್ಗೆ ಕೂತವಳು ಊಟದ ತನಕ ಏಳಲಿಲ್ಲ. ಅಮ್ಮನ ದನಿ ಸಣ್ಣಗೆ ಶುರುವಾಗಿ ತಿಂಗಳು ತಿಂಗಳಿಗೂ ಅಗಲವಾಗುತ್ತ ಬರುತ್ತದೆ. ಮೊದಮೊದಲು ಒಲೆಗೆ ಹೆದರುತ್ತಾಳೆ. ಆಮೇಲೆ ಒಲೆಯನ್ನು ಬೈಯುತ್ತಾಳೆ. ಆಮೇಲೆ ಈರುಳ್ಳಿ ಕೊಳೆತದ್ದು ಕಳಿಸಿದವನನ್ನು ಬೈಯುತ್ತಾಳೆ. ನಮ್ಮ ದನಿಗಳು ಮಾತ್ರ ಇದ್ದಲ್ಲೇ ಇವೆ. ಪ್ರತಿ ತಿಂಗಳೂ ನಾನು ಅದೇ ಕೇಳುತ್ತೇನೆ, "ಯಾವಾಗ ಬರ್ತೀಯ?" ಹಿನ್ನೆಲೆಯಲ್ಲಿ ಅದೇ ಮಿಷನ್.

ಅಮ್ಮನ ಆ ನಗು ಇನ್ನೂ ಕಿವಿಯಲ್ಲಿರುವಾಗಲೇ ನನ್ನ "ಬಾ ಅಮ್ಮಾ" ಬಂತು. ಆಟದಲ್ಲಿರುವವಳ ಕೈಹಿಡಿದು ಎಳೆದ ಹಾಗೆ ಕೇಳಿತು.

ಅದನ್ನು ತೆಗೆದು, "ಹೋಗು ಅಮ್ಮಾ, ನಾವು ಚೆನ್ನಾಗಿದ್ದೇವೆ" ಎಂದೆ. ಕೇಳಿದೆ. ಸುಳ್ಳು. ಅಳಿಸಿದೆ. ಮತ್ತೆ "ಬಾ" ಎಂದೆ. ಅದು ಸುಳ್ಳಲ್ಲ. ಆದರೆ ಅಮ್ಮ ಇದೇ ಲಾರಿಯಲ್ಲಿ ಬಂದು ಇಳಿದು, ಅಜ್ಜಿಯ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತದ್ದು ಕಣ್ಣಿಗೆ ಕಟ್ಟಿತು. ಅದನ್ನೂ ಅಳಿಸಿದೆ. ಎರಡನ್ನೂ ಸೇರಿಸಿ ಹೇಳಲು ಹೋದರೆ ಅಪ್ಪನ "ನಿನ್ನಿಷ್ಟ" ಆಗುತ್ತದೆ.

ನನಗೆ ಅಮ್ಮ ಬೇಕು. ಅವಳ ಕೈಯ ವಾಸನೆ ಬೇಕು. ಅವಳು ಬೈಯುವುದು ಬೇಕು. ಇದನ್ನು ಮೈಕಿಗೆ ಹೇಳಿದರೆ ಅವಳು ಬಂದುಬಿಡುತ್ತಾಳೆ, ಅದೇ ಕಷ್ಟ.

ಆಗಸ್ಟ್ 18, ಸೋಮವಾರ

ಬೆಳಿಗ್ಗೆ ಅಂಗಡಿಗೆ ಹೋಗಿ ಆ ಪ್ರೋಗ್ರಾಮಿನಲ್ಲಿ ಮುಚ್ಚಬೇಡ ಎಂದು ಹೇಳುವುದು ಎಲ್ಲಿ ಎಂದು ಹುಡುಕಿಸಿದೆ. ಮೂರನೇ ಪುಟದಲ್ಲಿ ಅಡಗಿತ್ತು. ಅಷ್ಟರಲ್ಲಿ ಯಾರದೋ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸುತ್ತ ಕೂತೆ. ಮನೆಗೆ ಬಂದಾಗ ಡ್ರೈವರ್ ಮಾವ ಅಪ್ಪನ ಪಕ್ಕದಲ್ಲಿ ಕೂತು ಟೀ ಕುಡಿದು ಮುಗಿಸಿದ್ದರು. ಲಾರಿ ಬಂದ ಸದ್ದು ನನಗೆ ಕೇಳಿರಲೇ ಇಲ್ಲ. ಅಂಗಡಿಯಲ್ಲಿ ಗದ್ದಲ ಜಾಸ್ತಿ.

"ಎಲ್ಲಮ್ಮಾ ಉತ್ತರ?" ಎಂದು ಕೈಚಾಚಿದರು.

"ಲಾರಿಯಲ್ಲಿ ಜಾಗ ಇದೆಯಾ ಮಾವ?"

"ಯಾತಕ್ಕೆ?"

"ನನಗೆ."

ಮಿಷನ್ ನಿಂತಿತು. ಅಜ್ಜಿ ಒಳಗಿಂದ ಬಂದಳು. ಕೈಯಲ್ಲಿ ಒದ್ದೆ ಬಟ್ಟೆ.

"ಏನಂತ ಹೇಳ್ತೀಯ ಅಲ್ಲಿ ಹೋಗಿ? ಬಾ ಅಂತಲೋ, ಹೋಗು ಅಂತಲೋ?"

"ಗೊತ್ತಿಲ್ಲ ಅಜ್ಜಿ. ನೀನು ಹೇಳಿದ್ದನ್ನ ಹೇಳ್ತೀನಿ, ಅಪ್ಪ ಹೇಳಿದ್ದನ್ನ ಹೇಳ್ತೀನಿ, ನನ್ನದನ್ನೂ ಹೇಳ್ತೀನಿ. ಎಷ್ಟು ಆಸೆ ಅಂತ. ಹೇಳುವಾಗ ಅವಳ ಮುಖ ನೋಡ್ತೀನಿ. ಅವಳಿಗೆ ಏನು ಬೇಕು ಅಂತ ಇಷ್ಟು ದಿನ ಒಬ್ಬರೂ ಕೇಳಿಲ್ಲ ನಾವು."

"ಅವಳು ಆ ಬೆಟ್ಟಕ್ಕೇ ಹೋಗ್ತೀನಿ ಅಂದ್ರೆ?"

"ಎದುರಿಗೆ ನಿಂತು ಕೇಳ್ತೀನಲ್ಲ. ನಂಬ್ತೀನಿ."

ಅಜ್ಜಿ ಒದ್ದೆ ಬಟ್ಟೆಯನ್ನು ಹಿಂಡಿದಳು, ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ಹೋಗು. ಅಲ್ಲಿ ಅಡುಗೆಮನೆಗೆ ಮಾತ್ರ ಕೈ ಹಾಕಬೇಡ. ಅಷ್ಟು ಜನ ಉಪವಾಸ ಬೀಳ್ತಾರೆ."

ಡ್ರೈವರ್ ಮಾವ ಅಪ್ಪನ ಮುಖ ನೋಡಿದರು. ಅಪ್ಪ ಎದ್ದು, ಗೋಡೆಯ ಮೇಲಿನ ದಪ್ಪ ಕೋಟನ್ನು ಇಳಿಸಿದರು. ಗಿರಾಕಿಯದೇನೋ ಎಂದುಕೊಂಡೆ. ನನಗೆ ಹಾಕಿ, ಭುಜ ಎಳೆದು, ತೋಳು ನೋಡಿ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ, "ಅಲ್ಲಿ ಚಳಿಯಂತೆ" ಎಂದರು. ನಿಮ್ಮಮ್ಮನಿಗೆಂದು ಹೊಲಿದಿದ್ದೆ, ನಿನಗೆ ತೋಳು ಮಡಿಸಬೇಕು ಎಂದರು. ಮಧ್ಯಾಹ್ನವೆಲ್ಲ ಮಡಿಸಿದರು. ಆಮೇಲೆ ಕೇಳಿದರು:

"ನೀನು ತಿರುಗಿ ಬರ್ತೀಯ ತಾನೇ?"

ಬರುತ್ತೇನೆ ಎನ್ನುವುದು ಬಾಯಿಯ ತುದಿಗೆ ಬಂದಿತ್ತು. ಅದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಅಲ್ಲಿ ಏನಿದೆಯೋ, ಎಷ್ಟು ದಿನವೋ. "ಬರಬೇಕು ಅಂತ ಇದ್ದೀನಿ ಅಪ್ಪ," ಎಂದೆ. ಅಪ್ಪ ತಲೆಯಾಡಿಸಿ ದಾರ ಕಡಿದರು.

ಸಂಜೆ ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ರೈಟರ್ ತೆರೆಯುವುದು, ಸಿಡಿ ಹಾಕುವುದು, ಬರೆಯುವುದು, ಮುಚ್ಚಬೇಡ ಎಂದು ಮೂರನೇ ಪುಟದಲ್ಲಿ ಒತ್ತುವುದು, ಎಲ್ಲ ಕಲಿಸಿದೆ. ಎರಡು ಸಲ ತಪ್ಪಿದರು, ಮೂರನೆಯದಕ್ಕೆ ಸರಿಯಾಯಿತು. ಹೊಸ ಸಿಡಿಯೊಂದನ್ನು ಅಪ್ಪ, ಅಜ್ಜಿ ಇಬ್ಬರ ಕೈಗೂ ಸಿಗುವ ಹಾಗೆ ಮೇಜಿನ ಮೇಲಿಟ್ಟಿದ್ದೇನೆ. ಅಮ್ಮ ನಾಳೆ ಈ ಹೊತ್ತಿಗೆ ಏನು ಮಾಡುತ್ತಿರುತ್ತಾಳೋ. ನಾನು ಬರುವುದು ಅವಳಿಗೆ ಗೊತ್ತಿಲ್ಲ.

ನಿದ್ದೆ ಬರುತ್ತಿಲ್ಲ. ಭಯವೋ, ಆಸೆಯೋ. ಬಟ್ಟೆ ಕಟ್ಟಿಯಾಯಿತು.

ಲಾರಿ ನಾಳೆ ಬೆಳಗಿನ ಜಾವ ಹೊರಡುತ್ತದೆ. ನಾನು ಅದರಲ್ಲಿ ಹೋಗುತ್ತಿದ್ದೇನೆ.